ಲೋಪಿಸ್-ಗ್ರಾಸಾ: ಜೈಲಿಗೂ ಜಗ್ಗದ ಸಂಗೀತಗಾರ



ನವೆಂಬರ್ ನಮಗೆ ಮೃತರ ಸ್ಮರಣೆಯ ತಿಂಗಳು. ಈ ಸಲ ನಮ್ಮ ಯುವ ಸಂಘದ ಭಾನುವಾರದ ಕೂಟದಲ್ಲಿ ‘ರೆಕ್ವಿಯೆಮ್’ ಅಂದರೇನು ಎಂಬ ಪ್ರಶ್ನೆ ಬಂತು. ಮೃತರಿಗಾಗಿ ಅರ್ಪಿಸುವ ಪೂಜೆಯ ಲ್ಯಾಟಿನ್ ಪ್ರಾರ್ಥನೆಗಳಿಗೆ ಹಾಕಿದ ಸಂಗೀತಕ್ಕೆ ಆ ಹೆಸರು. ಮೊಜಾರ್ಟ್, ವೆರ್ಡಿ ಬರೆದದ್ದನ್ನು ನಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ಕೇಳಿದ್ದರು. ಹುಡುಕುತ್ತಾ ಹೋದಾಗ 1979ರಲ್ಲಿ ಪೋರ್ಚುಗಲ್ಲಿನಲ್ಲಿ ಬರೆದ ಇನ್ನೊಂದು ಸಿಕ್ಕಿತು. ಅದರ ಹೆಸರು ‘ಪೋರ್ಚುಗಲ್ಲಿನಲ್ಲಿ ಫ್ಯಾಸಿಸಂಗೆ ಬಲಿಯಾದವರಿಗಾಗಿ ರೆಕ್ವಿಯೆಮ್’. ಬರೆದವರು ಫೆರ್ನಾಂಡೊ ಲೋಪಿಸ್-ಗ್ರಾಸಾ.

ಲೋಪಿಸ್ ಎಂಬ ಹೆಸರು ನಮ್ಮ ಕರಾವಳಿಯ ಯಾವ ಚರ್ಚಿಗೆ ಹೋದರೂ ಕಿವಿಗೆ ಬೀಳುತ್ತದೆ. ನಮ್ಮ ನೆರೆಮನೆಯವರ ಹೆಸರಿನ ಈ ಮನುಷ್ಯ ಯಾರಪ್ಪಾ ಎಂದು ಓದತೊಡಗಿದೆವು. ಓದಿದಷ್ಟೂ ಆಶ್ಚರ್ಯ. ಇವರು ದೇವರನ್ನು ನಂಬುತ್ತಿದ್ದವರಲ್ಲ. ಕಮ್ಯುನಿಸ್ಟ್ ಪಕ್ಷದ ಸದಸ್ಯರು. ಇವರನ್ನು ಜೈಲಿಗೆ ಹಾಕಿದ ಸರ್ಕಾರವಾದರೋ ‘ದೇವರು, ದೇಶ, ಕುಟುಂಬ’ ಎಂಬ ಮಾತನ್ನು ಶಾಲೆಯ ಗೋಡೆಗಳ ಮೇಲೆಲ್ಲ ಅಂಟಿಸಿದ್ದ ಸರ್ಕಾರ. ಹಾಗಿದ್ದರೂ ಸತ್ತವರನ್ನು ನೆನೆಯುವ ಹೊತ್ತಿಗೆ ಈ ಮನುಷ್ಯ ಎತ್ತಿಕೊಂಡದ್ದು ನಮ್ಮ ಪೂಜೆಯ ಮಾತುಗಳನ್ನೇ. ಅದು ಏಕೆ? ಆ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ತೋಮಾರಿನ ಹುಡುಗ

ಲೋಪಿಸ್-ಗ್ರಾಸಾ ಹುಟ್ಟಿದ್ದು 1906ರ ಡಿಸೆಂಬರ್ 17ರಂದು, ತೋಮಾರ್ ಎಂಬ ಊರಿನಲ್ಲಿ. ಲಿಸ್ಬನ್ನಿನಿಂದ ಈಶಾನ್ಯಕ್ಕಿರುವ ಈ ಊರಿನ ನಡುವೆ ನಬಾಂವ್ ನದಿ ಹರಿಯುತ್ತದೆ. ಗುಡ್ಡದ ಮೇಲೆ ಟೆಂಪ್ಲರ್ ಯೋಧರು ಕಟ್ಟಿಸಿದ ಕೋಟೆ, ಅದರೊಳಗೆ ‘ಕ್ರಿಸ್ತನ ಮಠ’ ಎಂಬ ದೊಡ್ಡ ಮಠ. ಅವರ ಮನೆಯವರು ಹೋಟೆಲು ನಡೆಸುತ್ತಿದ್ದರು. ಹುಡುಗ ಪಿಯಾನೊ ಮುಟ್ಟಿದ್ದು ಅಲ್ಲೇ. ಹದಿನಾಲ್ಕರ ವಯಸ್ಸಿಗೆ ಊರಿನ ಸಿನೆಮಾ ಟಾಕೀಸಿನಲ್ಲಿ ಕೆಲಸಕ್ಕೆ ಸೇರಿದರು. ಆಗ ಮೂಕಿ ಚಿತ್ರಗಳ ಕಾಲ. ಪರದೆಯ ಮೇಲೆ ಚಿತ್ರ ಓಡುವಾಗ ಪಕ್ಕದಲ್ಲಿ ಕುಳಿತು ಪಿಯಾನೊ ನುಡಿಸುವುದು ಅವರ ಕೆಲಸ.

ಮುಂದೆ ಲಿಸ್ಬನ್ನಿನ ರಾಷ್ಟ್ರೀಯ ಸಂಗೀತ ಶಾಲೆಗೆ ಸೇರಿದರು. ಅಲ್ಲಿ ಅವರಿಗೆ ಸಿಕ್ಕ ಗುರುಗಳು ಸಾಮಾನ್ಯರಲ್ಲ. ಪಿಯಾನೊ ಹೇಳಿಕೊಟ್ಟವರಲ್ಲಿ ವಿಯಾನಾ ಡ ಮೊಟಾ ಒಬ್ಬರು. ಅವರು ಸ್ವತಃ ಫ್ರಾನ್ಸ್ ಲಿಸ್ಟ್ ಅವರ ಕೊನೆಯ ಶಿಷ್ಯರಲ್ಲೊಬ್ಬರು. ಸಂಗೀತ ರಚನೆ ಕಲಿಸಿದವರು ತೊಮಾಸ್ ಬೊರ್ಬಾ. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಅಟ್ಲಾಂಟಿಕ್ ಸಾಗರದ ಅಸೋರೆಸ್ ದ್ವೀಪಗಳಿಂದ ಬಂದಿದ್ದ ಬೊರ್ಬಾ ಒಬ್ಬ ಧರ್ಮಗುರು. ಮುಂದೆ ಕಮ್ಯುನಿಸ್ಟ್ ಎಂದು ಹೆಸರಾದ ಸಂಗೀತಗಾರನ ಕೈಹಿಡಿದು ಸ್ವರ ಜೋಡಿಸಲು ಕಲಿಸಿದವರು ಒಬ್ಬ ಪಾದ್ರಿ!

ಮೊದಲ ಬಂಧನ

ಇದೇ ಹೊತ್ತಿಗೆ ದೇಶದ ಪರಿಸ್ಥಿತಿ ಕೆಟ್ಟಿತ್ತು. 1926ರ ಮೇ 28ರಂದು ಸೇನೆ ದಂಗೆ ಎದ್ದು ಅಧಿಕಾರ ಹಿಡಿಯಿತು. 1928ರಲ್ಲಿ ಹಣಕಾಸು ಸಚಿವರಾಗಿ ಬಂದ ಅಂಟೋನಿಯೊ ಸಲಾಜಾರ್ 1932ರಲ್ಲಿ ಪ್ರಧಾನಿಯಾದರು. ಮರುವರ್ಷ ಹೊಸ ಸಂವಿಧಾನ ತಂದು ತಮ್ಮ ಆಡಳಿತಕ್ಕೆ ‘ಹೊಸ ರಾಜ್ಯ’ ಎಂದು ಹೆಸರಿಟ್ಟರು. ಪತ್ರಿಕೆಗಳಿಗೆ ಸೆನ್ಸಾರ್, ವಿರೋಧಿಗಳ ಹಿಂದೆ ಗುಪ್ತ ಪೊಲೀಸರು. ಸಲಾಜಾರ್ ಹುಡುಗನಾಗಿದ್ದಾಗ ಸೆಮಿನರಿಯಲ್ಲಿ ಓದಿದವರು ಎಂಬುದನ್ನೂ ಇಲ್ಲಿ ಹೇಳಬೇಕು.

ಲೋಪಿಸ್-ಗ್ರಾಸಾ ಸುಮ್ಮನಿರುವ ಜಾತಿಯವರಲ್ಲ. ತಮ್ಮ ಊರಿನಲ್ಲಿ ಒಂದು ವಾರಪತ್ರಿಕೆ ಹೊರಡಿಸಿದರು. 1931ರಲ್ಲಿ ಸಂಗೀತ ರಚನೆಯ ಪರೀಕ್ಷೆಯಲ್ಲಿ ಅತ್ಯುತ್ತಮ ಅಂಕ ಪಡೆದು, ಅದೇ ಸಂಗೀತ ಶಾಲೆಯ ಅಧ್ಯಾಪಕ ಹುದ್ದೆಯ ಸ್ಪರ್ಧೆಗೂ ನಿಂತರು. ಅರ್ಹತೆಯಲ್ಲಿ ಕೊರತೆ ಇರಲಿಲ್ಲ. ಆದರೆ ಹುದ್ದೆ ಕೈಗೆ ಬರುವ ಬದಲು ಪೊಲೀಸರು ಬಂದರು. ಲಿಸ್ಬನ್ನಿನ ದೊಡ್ಡ ಚರ್ಚಿನ ಹತ್ತಿರದಲ್ಲೇ ಇದ್ದ ಅಲ್ಜೂಬ್ ಜೈಲಿಗೆ ಹಾಕಿದರು. ಬಳಿಕ ಅಲ್ಪಿಯಾರ್ಸಾ ಎಂಬ ಸಣ್ಣ ಊರಿಗೆ ಗಡೀಪಾರು. ಸರ್ಕಾರಿ ಶಾಲೆಗಳಲ್ಲಿ ಪಾಠ ಹೇಳುವ ದಾರಿ ಅಲ್ಲಿಗೆ ಮುಚ್ಚಿತು. ಆಗ ಅವರಿಗೆ ಇಪ್ಪತ್ನಾಲ್ಕು ವರ್ಷ. ನಮ್ಮ ಸಂಘದ ಬಹುಪಾಲು ಸದಸ್ಯರ ವಯಸ್ಸು ಅದೇ. ಡಿಗ್ರಿ ಮುಗಿಸಿ, ಪರೀಕ್ಷೆ ಪಾಸಾಗಿ, ನೇಮಕಾತಿ ಪತ್ರಕ್ಕೆ ಕಾಯುವ ಮನೆಯ ಸಂಕಟ ನಮಗೆ ಗೊತ್ತಿದೆ. ಇನ್ನೇನು ಪತ್ರ ಬರಬೇಕು ಎನ್ನುವಾಗ ಜೈಲು ಬಂದರೆ?

ಅಲ್ಲಿಂದ ಕೊಯಿಂಬ್ರಾ ನಗರಕ್ಕೆ ಹೋಗಿ ಖಾಸಗಿ ಸಂಗೀತ ಶಾಲೆಯೊಂದರಲ್ಲಿ ಪಾಠ ಹೇಳಿದರು. 1934ರಲ್ಲಿ ಪ್ಯಾರಿಸ್ಸಿನಲ್ಲಿ ಓದಲು ಸರ್ಕಾರದ ವಿದ್ಯಾರ್ಥಿವೇತನದ ಸ್ಪರ್ಧೆಯಲ್ಲಿ ಗೆದ್ದರು. ರಾಜಕೀಯ ಕಾರಣಕ್ಕೆ ಅದೂ ತಪ್ಪಿತು. 1936ರಲ್ಲಿ ಮತ್ತೆ ಬಂಧನ. ಈ ಸಲ ಕಾಶಿಯಾಸ್ ಕೋಟೆಯ ಜೈಲು. 1937ರಲ್ಲಿ ಬಿಡುಗಡೆಯಾದ ಮೇಲೆ ಯಾರ ವೇತನಕ್ಕೂ ಕಾಯದೆ ಸ್ವಂತ ಖರ್ಚಿನಲ್ಲಿ ಪ್ಯಾರಿಸ್ಸಿಗೆ ಹೊರಟರು.

ದೂರ ಹೋದಾಗ ಕೇಳಿಸಿದ ಊರ ಹಾಡು

ಪ್ಯಾರಿಸ್ಸಿನಲ್ಲಿ ಶಾರ್ಲ್ ಕೆಕ್ಲಾಂ ಎಂಬ ಹಿರಿಯ ಸಂಗೀತಗಾರರ ಬಳಿ ರಚನೆಯನ್ನೂ ವಾದ್ಯವೃಂದಕ್ಕೆ ಬರೆಯುವ ಕ್ರಮವನ್ನೂ ಕಲಿತರು. ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಸಂಗೀತಶಾಸ್ತ್ರ ಓದಿದರು. ಯುರೋಪಿನ ಹೊಸ ಸಂಗೀತವೆಲ್ಲ ಕಿವಿಗೆ ಬೀಳುವ ಜಾಗ ಅದು. ಅಲ್ಲಿ ಕುಳಿತು ಅವರು ಮಾಡಿದ ಕೆಲಸಗಳಲ್ಲಿ ಮುಖ್ಯವಾದದ್ದು ತಮ್ಮ ದೇಶದ ಹಳ್ಳಿ ಹಾಡುಗಳಿಗೆ ಸ್ವರ ಜೋಡಿಸುವುದು.

ಗಡಿನಾಡಿನ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮನೆಯಲ್ಲಿರುವಾಗ ಅಜ್ಜಿಯ ಹಾಡು ನಮಗೆ ಹಾಡೇ ಅಲ್ಲ. ಗಲ್ಫಿಗೋ ಬೆಂಗಳೂರಿಗೋ ಹೋಗಿ ಒಬ್ಬರೇ ರೂಮಿನಲ್ಲಿ ಮಲಗಿದಾಗ ಅದರ ಸಾಲು ತಾನಾಗಿ ಬಾಯಿಗೆ ಬರುತ್ತದೆ.

1939ರಲ್ಲಿ ಮಹಾಯುದ್ಧ ಶುರುವಾದಾಗ ಅವರು ಲಿಸ್ಬನ್ನಿಗೆ ಮರಳಿದರು. ಮರುವರ್ಷ ಸರ್ಕಾರ ಲಿಸ್ಬನ್ನಿನ ಬೆಲೇಂ ತೀರದಲ್ಲಿ ‘ಪೋರ್ಚುಗೀಸ್ ಜಗತ್ತಿನ ಪ್ರದರ್ಶನ’ ನಡೆಸಿತು. ವಾಸ್ಕೋ ಡ ಗಾಮನ ಕಾಲದ ಹಡಗುಗಳು, ವಸಾಹತುಗಳು, ಸಾಮ್ರಾಜ್ಯದ ವೈಭವ ಎಲ್ಲವೂ ಅಲ್ಲಿ. ಲೋಪಿಸ್-ಗ್ರಾಸಾ ಅದೇ ದಶಕದಲ್ಲಿ ಕವಿ ಮಿಗೆಲ್ ತೊರ್ಗಾ ಅವರ ಪದ್ಯಗಳಿಗೆ ಒಂದು ದೊಡ್ಡ ಕೃತಿ ರಚಿಸಿದರು. ಅದರ ಹೆಸರು ‘ಕಡಲ ದುರಂತಗಳ ಚರಿತ್ರೆ’. ಈ ಹೆಸರು ಹದಿನೆಂಟನೆಯ ಶತಮಾನದ ಒಂದು ಹಳೆಯ ಪುಸ್ತಕದ್ದು. ಗೋವಾ, ಕೊಚ್ಚಿ ಎಂದು ನಮ್ಮ ಕಡೆಗೆ ಹೊರಟ ಹಡಗುಗಳು ಮುಳುಗಿದ ಕಥೆಗಳು ಅದರಲ್ಲಿವೆ. ಸರ್ಕಾರ ಹಡಗುಗಳ ಕೀರ್ತಿಯನ್ನು ಮೆರೆಸುತ್ತಿದ್ದಾಗ, ಈ ಇಬ್ಬರು ಆ ಹಡಗುಗಳಲ್ಲಿ ಸತ್ತವರ ಕಡೆ ನೋಡಿದರು. ತೊರ್ಗಾ ಅವರೂ ಅಲ್ಜೂಬ್ ಜೈಲು ಕಂಡವರೇ.

ಪಾದ್ರಿ ಕರೆದರು

ಸರ್ಕಾರಿ ಕೆಲಸ ಸಿಗದ ಈ ಸಂಗೀತಗಾರನನ್ನು ಕರೆದು ಕೆಲಸ ಕೊಡಿಸಿದವರು ಹಳೆಯ ಗುರು ಫಾದರ್ ಬೊರ್ಬಾ. ಲಿಸ್ಬನ್ನಿನಲ್ಲಿ 1884ರಿಂದ ‘ಹವ್ಯಾಸಿ ಸಂಗೀತಗಾರರ ಅಕಾಡೆಮಿ’ ಎಂಬ ಸಂಸ್ಥೆ ಇದೆ. 1941ರಲ್ಲಿ ಲೋಪಿಸ್-ಗ್ರಾಸಾ ಅಲ್ಲಿ ಪಾಠ ಹೇಳತೊಡಗಿದರು. ಗುರು-ಶಿಷ್ಯರು ಸೇರಿ ಪೋರ್ಚುಗೀಸ್ ಭಾಷೆಯಲ್ಲಿ ದೊಡ್ಡ ಸಂಗೀತ ನಿಘಂಟಿನ ಕೆಲಸಕ್ಕೂ ಕೈಹಾಕಿದರು. ಫಾದರ್ ಬೊರ್ಬಾ 1950ರಲ್ಲಿ ತೀರಿಕೊಂಡರು. ನಿಘಂಟಿನ ಎರಡು ಸಂಪುಟಗಳು 1956 ಮತ್ತು 1958ರಲ್ಲಿ ಹೊರಬಂದಾಗ ಇಬ್ಬರ ಹೆಸರೂ ಅದರ ಮೇಲಿತ್ತು. ಒಬ್ಬರು ಬಲಿಪೀಠದ ಮುಂದೆ ನಿಂತವರು, ಇನ್ನೊಬ್ಬರು ದೇವರಿಲ್ಲ ಎಂದವರು. ಒಂದೇ ಪುಸ್ತಕಕ್ಕಾಗಿ ದುಡಿಯಲು ಅದು ಅಡ್ಡಿಯಾಗಲಿಲ್ಲ.

ಅಕಾಡೆಮಿಯ ಗಾಯನ ಮಂಡಳಿಯನ್ನು ಕಟ್ಟಿ ಬೆಳೆಸಿದ್ದು ಲೋಪಿಸ್-ಗ್ರಾಸಾ ಅವರೇ. ಹಾಡುವವರು ಹವ್ಯಾಸಿಗಳು, ನಮ್ಮ ಹಾಗೆ ದಿನದ ಕೆಲಸ ಮುಗಿಸಿ ಬಂದು ಅಭ್ಯಾಸಕ್ಕೆ ನಿಲ್ಲುವವರು. ಅವರಿಗಾಗಿ ನೂರಾರು ಹಳ್ಳಿ ಹಾಡುಗಳನ್ನು ಹಲವು ಧ್ವನಿಗಳಲ್ಲಿ ಹಾಡುವಂತೆ ಜೋಡಿಸಿದರು. ದೊಡ್ಡ ಸಭಾಂಗಣಗಳಲ್ಲಿ ಮಾತ್ರವಲ್ಲ, ಊರೂರಿನ ಸಂಘಗಳಲ್ಲಿ, ಕಾರ್ಮಿಕರ ಕೂಟಗಳಲ್ಲಿ ಆ ಮಂಡಳಿ ಹಾಡಿತು. ಇಂದಿಗೂ ಅದು ಅವರದೇ ಹೆಸರಿನಲ್ಲಿ ನಡೆಯುತ್ತಿದೆ.

ನಿಷೇಧಿತ ಹಾಡುಗಳು

1945ರಲ್ಲಿ ಯುದ್ಧ ಮುಗಿಯಿತು. ಹಿಟ್ಲರ್, ಮುಸೊಲಿನಿ ಬಿದ್ದರು. ಇನ್ನು ಸಲಾಜಾರ್ ಸರದಿ ಎಂದು ಪೋರ್ಚುಗಲ್ಲಿನ ಜನ ಆಸೆಪಟ್ಟರು. ಆಗ ಲೋಪಿಸ್-ಗ್ರಾಸಾ ಕವಿ ಮಿತ್ರರಿಂದ ಪದ್ಯ ಪಡೆದು ಜನ ಒಟ್ಟಾಗಿ ಹಾಡಬಹುದಾದ ಗೀತೆಗಳನ್ನು ಮಾಡಿದರು. 1946ರಲ್ಲಿ ಅವು ಪುಸ್ತಕವಾಗಿ ಬಂದವು. ಪೊಲೀಸರು ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡರು. ಜನರು ‘ವೀರಗೀತೆಗಳು’ ಎಂದು ಕರೆದ ಈ ಹಾಡುಗಳನ್ನು ಗುಟ್ಟಾಗಿ ಕಲಿತರು, ಕೈಬರಹದಲ್ಲಿ ಹಂಚಿಕೊಂಡರು. ಅವುಗಳಲ್ಲಿ ಹೆಚ್ಚು ಹೆಸರಾದದ್ದು ‘ಅಕೊರ್ದಾಯ್’. ‘ಎಚ್ಚರಗೊಳ್ಳಿ’ ಎಂದು ಅದರ ಅರ್ಥ. ಪದ್ಯ ಜುಜೆ ಗೊಮೆಸ್ ಫೆರೇಯ್ರಾ ಅವರದು.

1946 ಎಂಬ ವರ್ಷ ನಮ್ಮ ಕಡೆಗೂ ಸೇರಿದೆ. ಅದೇ ವರ್ಷ ಜೂನ್ 18ರಂದು ಮಡಗಾಂವಿನಲ್ಲಿ ರಾಮಮನೋಹರ ಲೋಹಿಯಾ ಪೋರ್ಚುಗೀಸ್ ಆಡಳಿತದ ವಿರುದ್ಧ ಸಭೆ ನಡೆಸಿ ಬಂಧನಕ್ಕೊಳಗಾದರು. ಗೋವಾ ವಿಮೋಚನಾ ಹೋರಾಟದ ಹಿರಿಯ ಟಿ. ಬಿ. ಕುನ್ಹಾ ಅವರನ್ನೂ ಅದೇ ವರ್ಷ ಹಿಡಿದರು. ಅವರನ್ನು ಹಡಗು ಹತ್ತಿಸಿ ಪೋರ್ಚುಗಲ್ಲಿನ ಪೆನೀಶ್ ಕೋಟೆಯ ಜೈಲಿಗೆ ಕಳಿಸಿದರು. ಲಿಸ್ಬನ್ನಿನಲ್ಲಿ ಹಾಡಿನ ಪುಸ್ತಕ ಕಿತ್ತುಕೊಂಡ ಕೈ, ಗೋವಾದಲ್ಲಿ ಮಾತನಾಡಿದವರ ಬಾಯಿ ಮುಚ್ಚಿಸಿದ ಕೈ ಒಂದೇ. ಗೋವಾಕ್ಕೆ ಬಿಡುಗಡೆ ಸಿಕ್ಕಿದ್ದು 1961ರ ಡಿಸೆಂಬರ್ 19ರಂದು. ಪೋರ್ಚುಗಲ್ಲಿನ ಜನ ತಮ್ಮ ಬಿಡುಗಡೆಗೆ ಇನ್ನೂ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ನಮ್ಮ ಹಿರಿಯರು ‘ಪೋರ್ಚುಗೀಸರ ದಬ್ಬಾಳಿಕೆ’ ಎನ್ನುವಾಗ, ಆ ದಬ್ಬಾಳಿಕೆಗೆ ಪೋರ್ಚುಗೀಸರೇ ಸಿಕ್ಕಿಬಿದ್ದಿದ್ದರು ಎಂಬುದು ನಮಗೆ ಈ ಓದಿನಿಂದ ತಿಳಿಯಿತು.

1950ರ ದಶಕದಲ್ಲಿ ಖಾಸಗಿಯಾಗಿ ಪಾಠ ಹೇಳುವ ಪರವಾನಗಿಯನ್ನೂ ಸರ್ಕಾರ ರದ್ದು ಮಾಡಿತು. ಅಕಾಡೆಮಿಯ ಪಾಠವೂ ನಿಂತಿತು. ಲೋಪಿಸ್-ಗ್ರಾಸಾ ಬರೆಯುವುದನ್ನು ನಿಲ್ಲಿಸಲಿಲ್ಲ.

ಗೋಣಿಬಟ್ಟೆಯ ರೆಕಾರ್ಡುಗಳು

1959ರಲ್ಲಿ ಫ್ರಾನ್ಸಿಗೆ ಸೇರಿದ ಕಾರ್ಸಿಕಾ ದ್ವೀಪದ ಮಿಶೆಲ್ ಜಿಯಾಕೊಮೆತ್ತಿ ಎಂಬ ತರುಣ ಪೋರ್ಚುಗಲ್ಲಿಗೆ ಬಂದರು. ರೆಕಾರ್ಡಿಂಗ್ ಯಂತ್ರ ಹೊತ್ತು ಹಳ್ಳಿ ಹಳ್ಳಿ ಸುತ್ತಿದರು. ಹೊಲ ಕೊಯ್ಯುವವರು, ಬಲೆ ಎಳೆಯುವವರು, ತೊಟ್ಟಿಲು ತೂಗುವ ತಾಯಂದಿರು, ಹರಕೆಯ ಮೆರವಣಿಗೆಯಲ್ಲಿ ಹಾಡುವವರು, ಎಲ್ಲರ ಹಾಡನ್ನೂ ಅವರಿದ್ದಲ್ಲಿಗೇ ಹೋಗಿ ಹಿಡಿದಿಟ್ಟರು. ಅವರ ಜೊತೆ ನಿಂತವರು ಲೋಪಿಸ್-ಗ್ರಾಸಾ. 1960ರಿಂದ 1970ರ ನಡುವೆ ಐದು ದೊಡ್ಡ ರೆಕಾರ್ಡುಗಳು ಹೊರಬಂದವು: ತ್ರಾಸ್-ಉಸ್-ಮೊಂತೆಸ್, ಅಲ್ಗಾರ್ವೆ, ಮಿನ್ಯು, ಅಲೆಂತೇಜು ಮತ್ತು ಬೇಯ್ರಾ ಸೀಮೆಗಳದ್ದು. ರೆಕಾರ್ಡಿನ ಹೊದಿಕೆಗೆ ಗೋಣಿಬಟ್ಟೆ ಹಾಕಿದ್ದರಿಂದ ಜನ ಅವನ್ನು ‘ಗೋಣಿಬಟ್ಟೆಯ ರೆಕಾರ್ಡುಗಳು’ ಎಂದೇ ಕರೆದರು. 1981ರಲ್ಲಿ ಇಬ್ಬರೂ ಸೇರಿ ಜನಪದ ಹಾಡುಗಳ ಒಂದು ದೊಡ್ಡ ಸಂಗ್ರಹವನ್ನೂ ಪ್ರಕಟಿಸಿದರು.

ಸರ್ಕಾರವೂ ಜನಪದವನ್ನು ಹೊಗಳುತ್ತಿತ್ತು. 1938ರಲ್ಲಿ ‘ಅತ್ಯಂತ ಪೋರ್ಚುಗೀಸ್ ಹಳ್ಳಿ’ ಯಾವುದು ಎಂದು ಸ್ಪರ್ಧೆಯನ್ನೇ ನಡೆಸಿತ್ತು. ಗೆದ್ದದ್ದು ಮೊನ್ಸಾಂತು ಎಂಬ ಹಳ್ಳಿ. ಆದರೆ ಅದಕ್ಕೆ ಬೇಕಾಗಿದ್ದದ್ದು ಬಣ್ಣದ ಬಟ್ಟೆ ತೊಟ್ಟು ನಗುತ್ತಾ ಕುಣಿಯುವ ಹಳ್ಳಿಯವರು. ಹಸಿವು, ದುಡಿತ, ಕಣ್ಣೀರು ಅದರಲ್ಲಿ ಕಾಣಬಾರದು. 1954ರಲ್ಲಿ ಅಲೆಂತೇಜು ಸೀಮೆಯಲ್ಲಿ ಕೂಲಿ ಹೆಚ್ಚಿಸಿ ಎಂದು ಕೇಳಿದ ಕಟರೀನಾ ಎಉಫೇಮಿಯಾ ಎಂಬ ಕೊಯ್ಲಿನ ಹೆಂಗಸನ್ನು ಗುಂಡಿಟ್ಟು ಕೊಂದರು. ಅದೇ ಸೀಮೆಯ ಹಾಡು ಸರ್ಕಾರಕ್ಕೆ ಬೇಕು, ಹಾಡುವವರ ಕೂಲಿಯ ಮಾತು ಬೇಡ.

ಲೋಪಿಸ್-ಗ್ರಾಸಾ ಇದನ್ನು ಒಪ್ಪಲಿಲ್ಲ. ಹಾಡು ಒರಟಾಗಿದ್ದರೆ ಒರಟಾಗಿಯೇ ಇರಲಿ, ಸಕ್ಕರೆ ಬೆರೆಸಬಾರದು ಎಂಬುದು ಅವರ ನಿಲುವು. ಹಂಗೇರಿಯಲ್ಲಿ ಬೇಲಾ ಬಾರ್ಟೊಕ್ ಮಾಡಿದ ಹಾಗೆ, ಹಳ್ಳಿ ಹಾಡಿನ ಸ್ವಭಾವ ಕೆಡದಂತೆ ಅದಕ್ಕೆ ಹೊಸ ಸ್ವರಜೋಡಣೆ ಕೊಟ್ಟರು. ಅವರ ಪಿಯಾನೊ ಕೃತಿಗಳಲ್ಲಿ ಹಾಡುಗಳ ನೆರಳು ಇದ್ದೇ ಇದೆ. ಹಾಗಂತ ಅವರು ಬರೀ ಜನಪದದ ಸಂಗೀತಗಾರರಲ್ಲ. ಪಿಯಾನೊಗೆ ಆರು ಸೊನಾಟಾ ಬರೆದಿದ್ದಾರೆ. ಕಮೊಯೆಂಶ್, ಪೆಸ್ಸೊವಾ ಮೊದಲಾದ ಕವಿಗಳ ಪದ್ಯಗಳಿಗೆ ಹಾಡು ಕಟ್ಟಿದ್ದಾರೆ. ಚೆಲ್ಲೊ ವಾದಕ ರೊಸ್ಟ್ರೊಪೊವಿಚ್ ಅವರಿಗಾಗಿ ಒಂದು ಕೃತಿ ರಚಿಸಿದ್ದಾರೆ.

ನಂಬದವರ ಕ್ರಿಸ್ಮಸ್

ನಮಗೆ ಹೆಚ್ಚು ಸಂತೋಷ ಕೊಟ್ಟ ಸಂಗತಿ ಇದು. ಲೋಪಿಸ್-ಗ್ರಾಸಾ ಎರಡು ‘ಕ್ರಿಸ್ಮಸ್ ಕಾಂತಾತಾ’ಗಳನ್ನು ಮಾಡಿದ್ದಾರೆ. ಮೊದಲನೆಯದು 1940ರ ದಶಕದಲ್ಲಿ, ಎರಡನೆಯದು 1960ರ ಸುಮಾರಿಗೆ. ಎರಡೂ ಪೋರ್ಚುಗಲ್ಲಿನ ಹಳ್ಳಿಗಳಲ್ಲಿ ಪರಂಪರೆಯಿಂದ ಹಾಡುತ್ತಾ ಬಂದ ಕ್ರಿಸ್ಮಸ್ ಹಾಡುಗಳ ಮಾಲೆಗಳು. ಬಾಲಯೇಸುವನ್ನು ನೋಡಲು ಹೋಗುವ ಹಾಡು, ಹೊಸ ವರ್ಷಕ್ಕೆ ಮನೆಮನೆಗೆ ಹೋಗಿ ಹಾಡುವ ಹಾಡು, ಮೂವರು ರಾಯರ ಹಬ್ಬದ ಹಾಡು ಇಂಥವು. ವಾದ್ಯವಿಲ್ಲದೆ, ಬರೀ ಧ್ವನಿಗಳಲ್ಲಿ.

ದೇವರನ್ನು ನಂಬದವರಿಗೆ ಇದೆಲ್ಲ ಯಾಕೆ ಎಂದು ನಮ್ಮ ಕೂಟದಲ್ಲಿ ಒಬ್ಬರು ಕೇಳಿದರು. ನಮಗೆ ತೋಚಿದ ಉತ್ತರ ಹೀಗಿದೆ. ಆ ಹಾಡುಗಳನ್ನು ಕಟ್ಟಿದವರು ಬಡವರು. ಅವರ ದುಃಖ ಸುಖಗಳೆಲ್ಲ ಭಕ್ತಿಯ ಮಾತಿನಲ್ಲೇ ಇದ್ದವು. ಅವರನ್ನು ಗೌರವಿಸಬೇಕಾದರೆ ಅವರ ಭಕ್ತಿಯನ್ನು ಕಿತ್ತುಹಾಕಿ ಹಾಡನ್ನು ಮಾತ್ರ ಇಟ್ಟುಕೊಳ್ಳಲು ಆಗುವುದಿಲ್ಲ. ಲೋಪಿಸ್-ಗ್ರಾಸಾ ಅದನ್ನು ಹಾಗೇ ಉಳಿಸಿದರು.

ಕಾರ್ನೇಷನ್ ಹೂವಿನ ದಿನ

ಇಲ್ಲಿ ನಮ್ಮ ಚರ್ಚಿನ ವಿಷಯವನ್ನೂ ಮರೆಮಾಚದೆ ಹೇಳಬೇಕು. 1940ರಲ್ಲಿ ಸಲಾಜಾರ್ ಸರ್ಕಾರ ವ್ಯಾಟಿಕನ್ನಿನೊಡನೆ ಒಪ್ಪಂದ ಮಾಡಿಕೊಂಡಿತು. ಚರ್ಚಿನ ಅನೇಕ ಹಿರಿಯರು ಆ ಆಡಳಿತಕ್ಕೆ ಹತ್ತಿರವಾಗಿದ್ದರು. ಎಲ್ಲರೂ ಅಲ್ಲ. ಪೋರ್ತೊ ನಗರದ ಬಿಷಪ್ ಅಂಟೋನಿಯೊ ಫೆರೇಯ್ರಾ ಗೊಮೆಸ್ 1958ರಲ್ಲಿ ಸಲಾಜಾರ್‌ಗೆ ಪತ್ರ ಬರೆದು ಬಡವರ ಸ್ಥಿತಿಯನ್ನೂ ಜನರ ಹಕ್ಕುಗಳನ್ನೂ ಎತ್ತಿ ಹೇಳಿದರು. ಅದರ ಫಲವಾಗಿ 1959ರಿಂದ ಹತ್ತು ವರ್ಷ ದೇಶದಿಂದ ಹೊರಗಿರಬೇಕಾಯಿತು. ‘ದೇವರು’ ಎಂದು ಗೋಡೆಗೆ ಅಂಟಿಸಿದ ಸರ್ಕಾರ ದೇವರ ಸೇವಕನನ್ನೇ ಗಡಿಯಾಚೆ ನಿಲ್ಲಿಸಿತ್ತು.

ಕೊನೆಗೂ 1974ರ ಏಪ್ರಿಲ್ 25 ಬಂತು. ಅಂದು ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ರೇಡಿಯೊದಲ್ಲಿ ಜುಜೆ ಅಫೋನ್ಸು ಅವರ ‘ಗ್ರಾಂಡೊಲಾ’ ಹಾಡು ಕೇಳಿಬಂತು. ಬಂಡೆದ್ದ ಸೇನಾಧಿಕಾರಿಗಳಿಗೆ ಹೊರಡಲು ಅದೇ ಸೂಚನೆ. ಹಾಡು ಬಂದದ್ದು ರೇಡಿಯೊ ರೆನಸೆನ್ಸಾದಿಂದ. ಅದು ಕಥೋಲಿಕರ ರೇಡಿಯೊ ನಿಲಯ! ಬೆಳಗಾದಾಗ ಜನ ಬೀದಿಗೆ ಬಂದು ಸೈನಿಕರ ಬಂದೂಕಿನ ನಳಿಗೆಗೆ ಕಾರ್ನೇಷನ್ ಹೂ ಸಿಕ್ಕಿಸಿದರು. 48 ವರ್ಷಗಳ ಸರ್ವಾಧಿಕಾರ ಒಂದು ದಿನದಲ್ಲಿ ಕುಸಿಯಿತು. ಲೋಪಿಸ್-ಗ್ರಾಸಾ ಅವರಿಗೆ ಆಗ 67 ವರ್ಷ. ಪಾಠ ಹೇಳಬಾರದು ಎಂದು ತಡೆಹಿಡಿದಿದ್ದ ಅದೇ ಮನುಷ್ಯನನ್ನು ಹೊಸ ಸರ್ಕಾರ ಸಂಗೀತ ಶಿಕ್ಷಣದ ಸುಧಾರಣಾ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿತು.

ಸತ್ತವರಿಗೆ ಶಾಂತಿ ಕೋರಿ

ಕೇಪ್ ವರ್ಡೆ ದ್ವೀಪದ ತರ್ರಫಾಲ್ ಎಂಬಲ್ಲಿ ಸರ್ಕಾರ 1936ರಲ್ಲಿ ಒಂದು ಸೆರೆಶಿಬಿರ ತೆರೆದಿತ್ತು. ಬಿಸಿಲು, ಮಲೇರಿಯಾ, ಔಷಧವಿಲ್ಲದ ಸ್ಥಿತಿ. ಅಲ್ಲಿ ಸತ್ತ 32 ಕೈದಿಗಳ ಅಸ್ಥಿಗಳನ್ನು 1978ರಲ್ಲಿ ಲಿಸ್ಬನ್ನಿಗೆ ತಂದು ಮಣ್ಣು ಮಾಡಿದರು. ಅದರ ಮರುವರ್ಷ ಲೋಪಿಸ್-ಗ್ರಾಸಾ ರೆಕ್ವಿಯೆಮ್ ಮುಗಿಸಿದರು. 1981ರಲ್ಲಿ ಅದು ಮೊದಲ ಬಾರಿಗೆ ಪ್ರದರ್ಶನವಾಯಿತು.

ಗಾಯಕರು, ಗಾಯನ ಮಂಡಳಿ, ದೊಡ್ಡ ವಾದ್ಯವೃಂದ ಅದಕ್ಕೆ ಬೇಕು. ಮಾತುಗಳು ಮೃತರ ಪೂಜೆಯ ಹಳೆಯ ಲ್ಯಾಟಿನ್ ಮಾತುಗಳೇ. ನಿತ್ಯಶಾಂತಿಯನ್ನು ಕೋರುವುದು, ಕರುಣೆಗಾಗಿ ಮೊರೆಯಿಡುವುದು, ಅಂತಿಮ ತೀರ್ಪಿನ ದಿನವನ್ನು ನೆನೆಯುವುದು ಎಲ್ಲವೂ. ನಾವು ಮೊಬೈಲನ್ನು ಸ್ಪೀಕರಿಗೆ ಜೋಡಿಸಿ ಹಾಲ್‌ನಲ್ಲಿ ಕುಳಿತು ಕೇಳಿದೆವು. ಹಿತವಾದ ಸಂಗೀತವಲ್ಲ ಅದು. ಗಟ್ಟಿಯಾಗಿ ಅಪ್ಪಳಿಸುವ ಜಾಗಗಳಿವೆ, ಧ್ವನಿಗಳು ಒಂದಕ್ಕೊಂದು ತಾಗಿ ನರಳುವ ಜಾಗಗಳಿವೆ. ಚಿಕ್ಕವರಿಬ್ಬರು ಅರ್ಧಕ್ಕೇ ಎದ್ದು ಹೋದರು. ಉಳಿದವರು ಕೊನೆಯವರೆಗೂ ಕೂತೆವು.

ಯಾಕೆ ಈ ಮಾತುಗಳನ್ನೇ ಆರಿಸಿದರು ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಸತ್ತವರಿಗೆ ನ್ಯಾಯ ಸಿಗಲೇಬೇಕು ಎಂದು ಕೇಳುವ ಮಾತು ನಮ್ಮ ಮೃತರ ಪೂಜೆಯಲ್ಲಿದೆ. ಅಡಗಿಸಿಟ್ಟದ್ದೆಲ್ಲ ಒಂದು ದಿನ ಹೊರಬರುತ್ತದೆ ಎಂದು ಅದು ಹೇಳುತ್ತದೆ. ಗುಟ್ಟಾಗಿ ಕೊಲ್ಲಿಸಿದವರಿಗೆ ಹೆದರಿಕೆ ಹುಟ್ಟಿಸುವ ಮಾತು ಅದು. ಸರ್ಕಾರ ಆ ಮಾತುಗಳನ್ನು ತನ್ನದೆಂದು ಹೇಳಿಕೊಂಡಿತ್ತು. ಲೋಪಿಸ್-ಗ್ರಾಸಾ ಅವನ್ನು ಸರ್ಕಾರದ ಕೈಯಿಂದ ಬಿಡಿಸಿ ಸತ್ತವರಿಗೆ ಕೊಟ್ಟರು. ಇದು ನಮ್ಮ ತಿಳಿವಳಿಕೆ. ಬೇರೆ ಉತ್ತರ ಇದ್ದವರು ಮುಂದಿನ ಕೂಟದಲ್ಲಿ ಹೇಳಬಹುದು.

ಇನ್ನೊಂದು ಮಾತನ್ನೂ ಸೇರಿಸಬೇಕು. ಅವರನ್ನು ಸಂತ ಮಾಡಲು ನಾವು ಹೊರಟಿಲ್ಲ. ಅವರ ಪಕ್ಷ ಸೋವಿಯತ್ ಒಕ್ಕೂಟದ ಕಡೆಗಿತ್ತು. 1968ರಲ್ಲಿ ಸೋವಿಯತ್ ಸೇನೆ ಜೆಕೊಸ್ಲೊವಾಕಿಯಾದೊಳಗೆ ನುಗ್ಗಿದ್ದನ್ನೂ ಅದು ಬೆಂಬಲಿಸಿತು. ಆ ಸೋವಿಯತ್ ದೇಶದಲ್ಲೂ ಜೈಲುಗಳಿದ್ದವು, ಅಲ್ಲಿ ಪಾದ್ರಿಗಳೂ ಕವಿಗಳೂ ಕೊಳೆತರು. ಲೋಪಿಸ್-ಗ್ರಾಸಾ ಆ ಪಕ್ಷವನ್ನು ಬಿಡಲಿಲ್ಲ. ತನ್ನ ಊರಿನ ಅನ್ಯಾಯ ಕಣ್ಣಿಗೆ ಹೊಡೆಯುವಷ್ಟು ದೂರದ ಅನ್ಯಾಯ ಹೊಡೆಯುವುದಿಲ್ಲ. ಈ ದೋಷ ನಮ್ಮೆಲ್ಲರಲ್ಲೂ ಇದೆ.

ಅವರು 1994ರ ನವೆಂಬರ್ 27ರಂದು, ಲಿಸ್ಬನ್ ಹತ್ತಿರ ಕಡಲ ಬದಿಯ ಪರೇಡೆಯ ಮನೆಯಲ್ಲಿ ತೀರಿಕೊಂಡರು. ಅವರ ಹಸ್ತಪ್ರತಿಗಳೂ ಜಿಯಾಕೊಮೆತ್ತಿ ಕೂಡಿಟ್ಟ ಹಳ್ಳಿ ವಾದ್ಯಗಳೂ ಈಗ ಕಶ್ಕಾಯ್ಸ್ ನಗರಸಭೆಯ ಪೋರ್ಚುಗೀಸ್ ಸಂಗೀತ ಮ್ಯೂಸಿಯಮ್ಮಿನಲ್ಲಿ, ಒಂದೇ ಸೂರಿನಡಿ ಇವೆ. ‘ಅಕೊರ್ದಾಯ್’ ಮಾತ್ರ ಮ್ಯೂಸಿಯಮ್ಮಿನಲ್ಲಿ ನಿಂತಿಲ್ಲ. 2012ರಲ್ಲಿ ಪೋರ್ಚುಗಲ್ಲಿನ ಜನ ಸಂಬಳ ಪಿಂಚಣಿ ಕಡಿತದ ವಿರುದ್ಧ ಬೀದಿಗಿಳಿದಾಗ ಅದನ್ನೇ ಹಾಡಿದರು.

ನಾವೇನು ಮಾಡಬಹುದು? ಮುಂದಿನ ತಿಂಗಳು ಕ್ರಿಸ್ಮಸ್ ಹಾಡಿನ ಅಭ್ಯಾಸ ಶುರುವಾಗುತ್ತದೆ. ಪ್ರತಿ ವರ್ಷ ನಾವು ಸಿನೆಮಾ ಧಾಟಿಯ ಹೊಸ ಹಾಡು ಹುಡುಕುತ್ತೇವೆ. ಈ ಸಲ ಅದರ ಮೊದಲು ನಿಮ್ಮ ಮನೆಯ ಅಜ್ಜ ಅಜ್ಜಿಯರ ಹತ್ತಿರ ಕುಳಿತು, ಅವರ ಕಾಲದಲ್ಲಿ ಕ್ರಿಸ್ಮಸ್ ರಾತ್ರಿ ಏನು ಹಾಡುತ್ತಿದ್ದರು ಎಂದು ಕೇಳಿ. ಕನ್ನಡವಿರಲಿ, ಕೊಂಕಣಿಯಿರಲಿ, ತುಳುವಿರಲಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತನ್ನಿ. ಸ್ವರ ನಡುಗಿದರೂ ಪರವಾಗಿಲ್ಲ, ಸಾಲು ಮರೆತಿದ್ದರೂ ಪರವಾಗಿಲ್ಲ. ಅವುಗಳಲ್ಲಿ ಒಂದನ್ನಾದರೂ ಈ ಕ್ರಿಸ್ಮಸ್ಸಿಗೆ ನಮ್ಮ ಗಾಯನ ಮಂಡಳಿ ಹಾಡಲಿ ಎಂದು ತೀರ್ಮಾನಿಸಿದ್ದೇವೆ. ಹಾಡು ತರುವವರು ಡಿಸೆಂಬರ್ ಮೊದಲ ಭಾನುವಾರ ಪೂಜೆ ಮುಗಿದ ಮೇಲೆ ಹಾಲ್‌ಗೆ ಬನ್ನಿ.